ನುಣ್ಣನೆಯ ಗುಡ್ಡ

"ಹೋತು, ನನ್ನ ಹೊಲಾ ಹೋತು," ಅಂದ ನಾಸಿರ.

ಮಣ್ಣಿನ ಗುಡ್ಡದ ತುದಿಯಿಂದ ಶೀತಲ ಸುರಿದ ತಂಬಿಗೆ ನೀರು ಒಂದೇ ಉಸಿರಿಗೆ ಧುಮುಕಿ ಬಂದು ಹೊಲಕ್ಕೆ ನುಗ್ಗಿತ್ತು. ನಾಸಿರ ತೆಂಗಿನ ಕರಟದಲ್ಲಿ ಜೋಪಾನವಾಗಿ ಬೆಳೆಸಿ ತಂದಿದ್ದ ಜೋಳದ ಸಸಿಗಳಲ್ಲಿ ಅರ್ಧದಷ್ಟು ಬೇರುಸಮೇತ ಅಂಗಳಕ್ಕೆ ಬಿದ್ದಿದ್ದವು. ನಾಳೆ ಹೂಲಿಯ ಶಾಲೆಯಲ್ಲಿ ಎಕ್ಸಿಬಿಷನ್. ಊರ ಗುಡ್ಡ, ಹಳ್ಳ, ಹೊಲದ ಮಾಡೆಲ್ ಇವರಿಬ್ಬರದು.

ನಾಸಿರ ಬಗ್ಗಿ ಸಸಿಗಳನ್ನು ಆರಿಸತೊಡಗಿದ. ಅವನು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಶೀತಲಳಿಗೆ. ಗುಡ್ಡ ಮಾಡಿದವಳು ಅವಳೇ ತಾನೆ?

ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಓಣಿಯಲ್ಲೆಲ್ಲ ಶೀತಲ ಮಾಡಿದ ಮಣ್ಣಿನ ಎತ್ತುಗಳಿಗೇ ಮಾನ. ಮಣ್ಣಿನಲ್ಲಿ ಒಂದು ಹರಳು ಉಳಿದರೂ ಎತ್ತು ಬಿರಿಯುತ್ತದೆ ಎಂದು ಅಜ್ಜಿ ಶಟ್ಟೆವ್ವ ಕಲಿಸಿದ್ದಳು. ಗುಡ್ಡಕ್ಕೂ ಹಾಗೇ ಕಲ್ಲು ಆರಿಸಿ, ಮಣ್ಣು ನಾದಿ, ಒದ್ದೆ ಕೈಯಿಂದ ನುಣ್ಣಗೆ ತೀಡಿದ್ದಳು. ಹಳ್ಳವನ್ನು ಬೆರಳಿನಿಂದ ನೆಟ್ಟಗೆ ಗೀರಿದ್ದಳು. ಆರಿಸಿದ ಕಲ್ಲುಗಳ ರಾಶಿ ಅಲ್ಲೇ ಮೂಲೆಯಲ್ಲಿತ್ತು.

ಶೀತಲ ಆ ರಾಶಿಯನ್ನೇ ನೋಡುತ್ತ ಕೂತಳು.

"ನಿನ್ನ ಚಪ್ಪಲಿ ನೆನಪೈತೇನು?" ಅಂದಳು. "ಬಾರಿಹಣ್ಣಿಗೆ ಹೋದಾಗ ಹಳ್ಳದಾಗ ಬಿತ್ತಲ್ಲ? ಊರತನಾ ಹೋಗಿರತೈತಿ ಅಂತ ಓಡಿದ್ವಿ. ಅದು ನೋಡಿದ್ರ, ಕಲ್ಲಿನ ಕೆಳಗಿನ ಗುಂಡ್ಯಾಗ ಗಿರಗಿರ ತಿರಗಾಕ ಹತ್ತಿತ್ತು."

ನಾಸಿರ ತಲೆ ಎತ್ತಿದ. ಅವನಿಗೂ ಹೊಳೆಯಿತು.

ಇಬ್ಬರೂ ಕಲ್ಲಿನ ರಾಶಿಯನ್ನು ಎಳೆದುಕೊಂಡರು. ಹಳ್ಳಕ್ಕೆ ಅಡ್ಡಡ್ಡ ಕಲ್ಲು ಹೂತರು, ಒಂದೊಂದು ಕಲ್ಲಿನ ಕೆಳಬದಿಗೂ ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ನೆಟ್ಟಗಿದ್ದ ಹಳ್ಳ ಮೆಟ್ಟಿಲು ಮೆಟ್ಟಿಲಾಯಿತು. ಅಷ್ಟು ಚೆಂದ ತೀಡಿದ್ದ ಗುಡ್ಡ ಕೆಟ್ಟಿತಲ್ಲ ಎಂದು ಶೀತಲಳಿಗೆ ಚುರ್ ಅಂದಿತು. ಆದರೂ ಕೈ ನಿಲ್ಲಿಸಲಿಲ್ಲ.

ನಾಸಿರ ಬಿದ್ದಿದ್ದ ಸಸಿಗಳನ್ನು ಮತ್ತೆ ನೆಟ್ಟ. ಶೀತಲ ತುದಿಯಿಂದ ಇನ್ನೊಂದು ತಂಬಿಗೆ ನೀರು ಸುರಿದಳು.

ನೀರು ಒಂದು ಕಲ್ಲು ಇಳಿಯಿತು, ಗುಂಡಿಯಲ್ಲಿ ಸುತ್ತಿತು, ತುಂಬಿದ ಮೇಲೆ ಇನ್ನೊಂದು ಕಲ್ಲು ಇಳಿಯಿತು. ಹೊಲಕ್ಕೆ ಬರುವಷ್ಟರಲ್ಲಿ ಅದರ ಅವಸರವೆಲ್ಲ ಮುಗಿದಿತ್ತು. ಸಸಿಗಳ ಬುಡದಲ್ಲಿ ಮೆಲ್ಲಗೆ ಹರಡಿತು. ಒಂದೂ ಬೀಳಲಿಲ್ಲ. ನಾಸಿರನ ಮುಖ ಅರಳಿತು.

ಅಷ್ಟರಲ್ಲಿ ಶಟ್ಟೆವ್ವ ಹೊರಗೆ ಬಂದಳು. ಗುಡ್ಡ ನೋಡಿ ಅವಳ ಕೈ ಸುಮ್ಮನಿರಲಿಲ್ಲ. ಸೆರಗು ಸಿಕ್ಕಿಸಿ ತಂಬಿಗೆಯಲ್ಲಿ ಬೆರಳು ಅದ್ದಿದಳು.

"ಭಾಳ ಒರಟಾಗೇತಲ್ಲವಾ. ಒಂದೀಟು ತೀಡಿ ಕೊಡ್ಲೇನು?"

"ಬ್ಯಾಡ ಆಯಿ," ಅಂದಳು ಶೀತಲ. "ಇದು ಎತ್ತಲ್ಲ."

ರಾಶಿಯಲ್ಲಿ ಒಂದೇ ಒಂದು ಕಲ್ಲು ಉಳಿದಿತ್ತು. ಅದನ್ನು ಒರೆಸಿ ನಾಸಿರನ ಕೈಗೆ ಕೊಟ್ಟಳು. ಅವನು ಜಾಗ ಹುಡುಕಿ ಹುಡುಕಿ, ತನ್ನ ಹೊಲದ ಮೇಲ್ಗಡೆ ಹಳ್ಳದಲ್ಲೇ ಅದನ್ನು ಇಟ್ಟ.