ಚಟ್ನಿ ಹಿಡಿಯದ ಲೆಕ್ಕ

ಗೋಕಾಕದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಂದಿನಿಗೆ ಈ ಸಲ ಧೂಪದ ಮರದ ಬೀಜ ಬೇಕೇ ಬೇಕಿತ್ತು. ಹುಕ್ಕೇರಿ ಕಡೆಯ ಗುಡ್ಡದಲ್ಲಿ ಉಳಿದಿದ್ದದ್ದು ಒಂದೇ ಮುದಿ ಮರ. ಮೊದಲ ಮಳೆಗಾಳಿ ಬೀಸಿದರೆ ಬೀಜವೆಲ್ಲ ಗಾಳಿಪಾಲು. ಹೋದ ವರ್ಷ ನೀರು ಸಾಲದೆ ಅರ್ಧ ದಾರಿಯಲ್ಲೇ ತಲೆ ತಿರುಗಿ ಬಿದ್ದ ಅವಳನ್ನು ನಾಲ್ಕು ಜನ ಹೊತ್ತು ಇಳಿಸಿದ್ದರು. ಆ ನಾಚಿಕೆ ಇನ್ನೂ ಆರಿರಲಿಲ್ಲ.

ಅದಕ್ಕೇ ಈ ವರ್ಷ ಕುಡಿಯುವ ನೀರಿಗೆ ಲೆಕ್ಕ. ಕಿಲೋ ತೂಕಕ್ಕೆ ಮೂವತ್ತೈದು ಮಿಲಿ, ಬಿಸಿಲಿಗೆಂದು ಮೇಲೆ ಅರ್ಧ ಲೀಟರ್. ಹತ್ತರಗಿಯ ಕಾಳಿನ ಅಂಗಡಿಯಲ್ಲಿ, ಜೋಳದ ಚೀಲ ತೂಗುವ ತಕ್ಕಡಿಯ ಮೇಲೆ ಮೂವರೂ ಹತ್ತಿಳಿದರು. ವ್ಯಾಯಾಮದ ಮಾಸ್ತರ ಕಿಶೋರ ತೊಂಬತ್ತೆರಡು ಕಿಲೋ. ನೀರಿನ ಪಾಲೂ ಅವನದೇ ದೊಡ್ಡದು. ದಾರಿ ತೋರಿಸುವ ಕೆಂಚವ್ವ, ಅರವತ್ತು ವರ್ಷದ ಆಡು ಕಾಯುವವಳು, ಬರೀ ನಲವತ್ತೊಂದು. ಅವಳಿಗೆ ಸಿಕ್ಕಿದ್ದು ಲೀಟರಿನ ಎರಡೇ ಬಾಟ್ಲಿ. ಅವಳು ನಕ್ಕು ತನ್ನ ಬುತ್ತಿಯ ಗಂಟಿನ ಜೊತೆ ಅವನ್ನೂ ಕಟ್ಟಿಕೊಂಡಳು.

ಗುಡ್ಡ ಹತ್ತುವಾಗ ಕಿಶೋರ ತಾಸಿಗೆರಡು ಸಲ ಸೀಟಿ ಊದುತ್ತಿದ್ದ. ಸೀಟಿ ಊದಿದರೆ ಎಲ್ಲರೂ ಗುಟುಕರಿಸಬೇಕು. ಕೆಂಪು ಕಲ್ಲಿನ ಹಾಸು, ಮುಳ್ಳುಕಂಟಿ, ಕೆಳಗೆ ದೂರದಲ್ಲಿ ಘಟಪ್ರಭಾ ಹೊಳೆಯ ತೆಳ್ಳನೆ ಮಿಂಚು. ಹನ್ನೊಂದಕ್ಕೆ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಂದಿನಿ ಒಳಗೊಳಗೇ ಬೀಗಿದಳು.

ಊಟಕ್ಕೆ ಕೂತರು. ಕಿಶೋರನ ಹೆಂಡತಿ ಕಟ್ಟಿಕೊಟ್ಟ ಕಟಕ್ ರೊಟ್ಟಿ, ಡಬ್ಬಿ ತುಂಬ ಕೆಂಪು ಮೆಣಸಿನಕಾಯಿ ಚಟ್ನಿ. ರುಚಿ ಬಿಡಬೇಕಲ್ಲ? ಕಿಶೋರ, ನಂದಿನಿ ಇಬ್ಬರೂ ಡಬ್ಬಿ ಬಳಿದರು. ಆಮೇಲೆ ನಾಲಿಗೆಗೆ ಬೆಂಕಿ ಬಿದ್ದು, ಸೀಟಿಯ ಹಂಗಿಲ್ಲದೆ ಗಟಗಟ ಕುಡಿದರು. ಕಿಶೋರನ ಬಾಟ್ಲಿಗಳು ಖಾಲಿ. ನಂದಿನಿಯದರಲ್ಲಿ ನಾಲ್ಕು ಬೆರಳು.

ಮರ ಎದುರಿಗೇ ಇತ್ತು, ಕಡಿದಾದ ಬಂಡೆಯ ತುದಿಯಲ್ಲಿ. ಅರ್ಧ ನೀರು ಮುಗಿದರೆ ಮರಳಬೇಕು ಎಂಬ ನಿಯಮ ಅವಳದೇ. ಅವಳಿಗೆ ಅಳು ಬಂತು.

ಕೆಂಚವ್ವ ತನ್ನ ಬಾಟ್ಲಿಗಳನ್ನು ಮುಂದಿಟ್ಟಳು. ಒಂದು ಪೂರ್ತಿ ತುಂಬಿತ್ತು, ಇನ್ನೊಂದರಲ್ಲಿ ಒಂದೆರಡು ಗುಟುಕಷ್ಟೇ ಕಡಿಮೆ.

“ಲೆಕ್ಕ ಖರೆ ಐತಿ ಅಕ್ಕಾರ. ತೂಕ ಹಿಡದ್ರಿ, ಬಿಸಲ ಹಿಡದ್ರಿ. ಚಟ್ನಿ ಹಿಡೀಲಿಲ್ಲ.”

“ನೀ ಏನೂ ಕುಡಿದಿಲ್ಲೇನ ಆಯಿ?” ನಂದಿನಿ ಕೇಳಿದಳು.

“ಮುಂಜಾನಿ ಎರಡು ಚರಗಿ ಅಂಬಲಿ ಕುಡದೇನಿ. ಅದು ನೀರಲ್ಲೇನ್ರಿ?”

ಗಂಟು ಬಿಚ್ಚಿದರೆ ಐದು ಸೌತೆಕಾಯಿ, ಇನ್ನೊಂದು ಚರಿಗೆ ಅಂಬಲಿ. ಬಿಸಿಲು ಇಳಿಯುವವರೆಗೆ ಬಂಡೆಯ ನೆರಳು ಬಿಟ್ಟು ಯಾರೂ ಏಳಬಾರದೆಂದು ಅವಳು ಕಟ್ಟಪ್ಪಣೆ ಮಾಡಿದಳು. ಕಿಶೋರ ಸೀಟಿ ಜೇಬಿಗಿಟ್ಟ.

ನಾಲ್ಕಕ್ಕೆ ನಂದಿನಿ ಚೀಲದಲ್ಲಿ ತಂದಿದ್ದ ಹಗ್ಗ ಸೊಂಟಕ್ಕೆ ಸುತ್ತಿಕೊಂಡಳು. ಮೇಲಿನ ಬಂಡೆಯ ಮೊನೆಗೆ ಎಸೆದು ಬಳಸಿದ ಹಗ್ಗದ ಇನ್ನೊಂದು ತುದಿ ಹಿಡಿದು ತೊಂಬತ್ತೆರಡು ಕಿಲೋ ಕೆಳಗೆ ಕೂತಿತು.

ಕಾಲು ಜಾರಿತು. ಹಗ್ಗ ಬಿಗಿಯಿತು. ಕಲ್ಲೊಂದು ಉರುಳಿ ಕೆಳಗೆಲ್ಲೋ ಸದ್ದಾಯಿತು. ಅವಳು ಕೊಂಬೆ ಹಿಡಿದಳು, ಒಣಗಿದ ಕಾಯಿ ಕಿತ್ತಳು, ಮಡಿಲಿಗೆ ಹಾಕಿಕೊಂಡಳು.

ಬೀಜ ಇಡಲು ಒಣ ಡಬ್ಬಿ ಬೇಕಿತ್ತು. ಇದ್ದದ್ದು ಚಟ್ನಿಯದೇ. ಅದನ್ನೇ ಒರೆಸಿ, ಕಾಗದ ಹಾಸಿ ತುಂಬಿದರು.

ಹೊತ್ತು ಮುಳುಗುವಾಗ ಮೂವರೂ ಕೆಂಚವ್ವನ ಮನೆ ಕಟ್ಟೆಗೆ ಬಂದರು. ಹೋದ ವರ್ಷ ನಂದಿನಿಯನ್ನು ಹೊತ್ತು ತಂದು ಮಲಗಿಸಿದ್ದು ಇದೇ ಕಟ್ಟೆಯ ಮೇಲೆ. ಈ ಸಲ ಅವಳು ತನ್ನ ಕಾಲ ಮೇಲೆ ನಡೆದು ಬಂದು ಕೂತಳು. ಕೆಂಚವ್ವ ಬೆಲ್ಲ, ನೀರು ತುಂಬಿದ ಚರಿಗೆ ತಂದಿಟ್ಟಳು. ನಂದಿನಿ ಅಳತೆ ನೋಡದೆ ಕುಡಿದಳು.