ಹೊರಡಲೊಲ್ಲದ ಮಸ್ಟಾಂಗ್

ಕರಿಬೇವು ಕೊಳ್ಳಲು ಇಂಡಿಯನ್ ಅಂಗಡಿಗಳ ಬೀದಿಯಾದ ಹಿಲ್‌ಕ್ರಾಫ್ಟಿಗೆ ಹೋದ ಸುಚೇತಾಳಿಗೆ ಅಲ್ಲಿ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಕಾರು, ಮತ್ತು ಅದರ ಯಜಮಾನ.

ಹೂಸ್ಟನ್ನಿನ ಈ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನಲ್ಲಿ ಶನಿವಾರ ಪಾರ್ಕಿಂಗ್ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಅಂಥದ್ದರಲ್ಲಿ ಒಬ್ಬ ಮಹಾರಾಯ ಟ್ರೇಲರ್ ಮೇಲೆ ಹಳೇ ಕಾರೊಂದನ್ನು ಹೇರಿಕೊಂಡು, ನಾಲ್ಕು ಜನರ ಜಾಗಕ್ಕೆ ಅಡ್ಡಲಾಗಿ ನಿಲ್ಲಿಸಿ, ಹಾಯಾಗಿ ಸಮೋಸ ತಿನ್ನುತ್ತಿದ್ದ. ನಾಲ್ಕು ಮಾತು ಬೈಯೋಣವೆಂದೇ ಹತ್ತಿರ ಹೋದವಳು ಕಾರನ್ನು ನೋಡಿ ಬೈಗುಳ ಮರೆತಳು. ಅರವತ್ತೊಂಬತ್ತರ ಮಸ್ಟಾಂಗ್! ಉದ್ದ ಮೂಗು, ಇಳಿಜಾರು ಬೆನ್ನು. ಬಾಗಿಲ ಕೆಳಗೆ ಕೈ ತೂರುವಷ್ಟು ದೊಡ್ಡ ತೂತು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದ ಗುರುತು.

"ಎಲ್ಲಿ ಸಿಕ್ಕಿತು?" ಇಂಗ್ಲಿಷಿನಲ್ಲಿ ಕೇಳಿದಳು.

"ಆಸ್ಟಿನ್ನಿನಲ್ಲಿ. ಇಂಜಿನ್ ಪರ್ಫೆಕ್ಟ್ ಆಗಿದೆ ಅಂತ ಹೇಳಿದರು," ಅವನೂ ಇಂಗ್ಲಿಷಿನಲ್ಲೇ, ಹೆಮ್ಮೆಯಿಂದ ಹೇಳಿದ.

ಸುಚೇತಾ ಬಗ್ಗಿ ನೋಡಿದಳು. ಇಂಜಿನ್ನಿನ ಅಡಿಯಿಂದ ಎಣ್ಣೆ ತೊಟತೊಟ ಸೋರುತ್ತಿತ್ತು. "ಅಯ್ಯೋ ಪಾಪ, ಚೆನ್ನಾಗಿ ಟೋಪಿ ಹಾಕಿದಾರೆ ಇವನಿಗೆ," ಎಂದು ತನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದಳು.

"ಟೋಪಿ ನನ್ನ ತಲಿಗೆ ಸರಿಯಾಗೇ ಕುಂತೈತಿ, ಬಿಡ್ರಿ," ಎಂದ ಅವನು.

ಸುಚೇತಾಳ ಮುಖ ಕೆಂಪಾಯಿತು. ಅವನು ಮಾತ್ರ ನಗುತ್ತ, ಉಳಿದಿದ್ದ ಇನ್ನೊಂದು ಸಮೋಸವನ್ನು ಅವಳ ಮುಂದೆ ಹಿಡಿದ. ಬಾಗಲಕೋಟೆಯ ಶ್ರೀಶೈಲ್, ಹೂಸ್ಟನ್ನಿನ ಪಕ್ಕದ ಕೇಟಿಯಲ್ಲಿ ಹಲ್ಲಿನ ಡಾಕ್ಟರು. ಅಲ್ಲೇ ಹತ್ತಿರದ ಫುಲ್‌ಶೀರ್‌ನಲ್ಲಿ ಹೊಸ ಮನೆ, ಮನೆಯಲ್ಲಿ ತಾಯಿ ಸುಮಿತ್ರವ್ವ, ಗರಾಜಿನಲ್ಲಿ ಬೇಕಾದಷ್ಟು ಜಾಗ. ಕಾರು ರಿಪೇರಿಯ ವಿಷಯದಲ್ಲಿ ಮಾತ್ರ ಅವನದು ದೊಡ್ಡ ಸೊನ್ನೆ.

ಸುಚೇತಾ ಮೈಸೂರಿನವಳು, ಮೆಕ್ಯಾನಿಕಲ್ ಇಂಜಿನಿಯರು. ಹೂಸ್ಟನ್ನಿನ ಒಂದು ಕಂಪನಿಯಲ್ಲಿ ದೊಡ್ಡ ದೊಡ್ಡ ಪಂಪುಗಳನ್ನು ಟೆಸ್ಟ್ ಮಾಡುವುದು ಅವಳ ಕೆಲಸ. ಅಪ್ಪನ ಹಳೇ ಫಿಯೆಟ್ಟಿನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತೇ ಬೆಳೆದವಳು. ಸಮೋಸ ತಿಂದು ಮುಗಿಸುವ ಹೊತ್ತಿಗೆ, "ಮುಂದಿನ ಶನಿವಾರ ಬಂದು ಒಂದು ಸಲ ನೋಡ್ತೀನಿ, ಅಷ್ಟೇ," ಎಂದು ಒಪ್ಪಿಬಿಟ್ಟಿದ್ದಳು.

ಅಷ್ಟೇ ಎಂದದ್ದು ಎರಡು ಬೇಸಿಗೆ ನಡೆಯಿತು.

ಶನಿವಾರ ಬಂತೆಂದರೆ ಅವಳು ಕೂದಲು ಕಟ್ಟಿ ಕಾರಿನ ಕೆಳಗೆ ನುಸುಳುವಳು. ಅವನು ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುವನು. ಬಾಯೊಳಗೆ ನೋಡುವ ಅವನ ಪುಟ್ಟ ಕನ್ನಡಿಯಲ್ಲಿ ಇಂಜಿನ್ನಿನ ಹಿಂಬದಿಯ ಬೋಲ್ಟ್ ನೋಡುವರು. ಹಲ್ಲು ಕೆರೆಯುವ ಕೊಕ್ಕೆಯಲ್ಲಿ ಕಾರ್ಬ್ಯುರೇಟರಿನ ಕೊಳೆ ತೆಗೆಯುವರು. ಬಿಚ್ಚಿದ ಸ್ಕ್ರೂಗಳು ಸುಮಿತ್ರವ್ವನ ಹಳೇ ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ, ಸಾಸಿವೆ ಜೀರಿಗೆಯಿದ್ದ ಜಾಗದಲ್ಲಿ, ಶಿಸ್ತಾಗಿ ಕೂತಿದ್ದವು.

"ಬೆಳಕು ಬೋಲ್ಟ್ ಮೇಲೆ ಬಿಡೋ."

"ಬೋಲ್ಟ್ ಮ್ಯಾಲೇ ಐತಲ್ಲ."

"ನನ್ನ ಮೂಗಿನ ಮೇಲಿದೆ."

"ಮೂಗಿಗೆ ಗ್ರೀಸ್ ಹತ್ತೈತಿ. ಎಷ್ಟು ಹತ್ತೈತಿ ಅಂತ ನೋಡಾಕತ್ತಿದ್ದೆ."

"ಟಾರ್ಚ್ ಹಿಡಿದವನು ಕೆಲಸ ನೋಡ್ಬೇಕು, ಮುಖ ಅಲ್ಲ. ನಮ್ಮಪ್ಪನ ಹತ್ತಿರ ಆಗಿದ್ರೆ ಈಗ ತಲೆಗೆ ಒಂದು ಮೊಟಕು ಬೀಳ್ತಿತ್ತು."

"ನಿಮ್ಮಪ್ಪನ ಮುಂದ ಇಷ್ಟು ಛಂದ ಮುಖ ಇರಲಿಲ್ಲ ಬಿಡು," ಎಂದುಬಿಟ್ಟು, ಅಂದದ್ದಕ್ಕೆ ತಾನೇ ಗಾಬರಿಯಾಗಿ, ಟಾರ್ಚನ್ನು ಚಕ್ಕನೆ ಬೋಲ್ಟಿನ ಮೇಲೆ ತಿರುಗಿಸಿದ. ಕಾರಿನ ಕೆಳಗೆ ಮಲಗಿದ್ದ ಸುಚೇತಾ ನಕ್ಕಿದ್ದು ಅವನಿಗೆ ಕಾಣಲಿಲ್ಲ.

ಒಮ್ಮೆ ಅವಳು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗಿದ್ದ ಹೆಬ್ಬೆರಳಿನಷ್ಟೇ ಇದ್ದ ತುಂಡೊಂದನ್ನು ಕೈಯಿಂದಲೇ ಕಿತ್ತು ತೋರಿಸಿದಳು. "ಇದು ರೋಟರ್. ಕಿಡಿ ಹಂಚೋದು ಇದೇ. ಹಳೇ ಕಾಲದಲ್ಲಿ ಕಾರು ಕಳುವಾಗಬಾರದು ಅಂತ ಇದನ್ನ ಜೇಬಿಗೆ ಹಾಕ್ಕೊಂಡು ಹೋಗ್ತಿದ್ರಂತೆ. ಪಾನಾ ಬೇಡ, ಸ್ಕ್ರೂಡ್ರೈವರ್ ಬೇಡ. ಇದು ಇಲ್ಲ ಅಂದ್ರೆ ಕಾರು ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗಲ್ಲ."

"ಇಷ್ಟು ಸಣ್ಣದು?" ಶ್ರೀಶೈಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಶಿಷ್ಯನಿಗೆ ಪಾಠ ಚೆನ್ನಾಗಿಯೇ ತಲೆಗೆ ಹೋಯಿತೆಂಬುದು ಆಮೇಲೆ ತಿಳಿಯಿತು.

ಈ ಸುಖದ ನಡುವೆ ಡಲ್ಲಾಸ್ ಬಂತು.

ಅಲ್ಲಿಯ ಕಂಪನಿಯೊಂದು ಸುಚೇತಾಳನ್ನು ಇಡೀ ಟೆಸ್ಟಿಂಗ್ ಲ್ಯಾಬಿನ ಮುಖ್ಯಸ್ಥೆಯಾಗಿ ಕರೆಯಿತು. ವರ್ಷಗಟ್ಟಲೆ ಕನಸು ಕಂಡಿದ್ದ ಕೆಲಸ. ಬೇಡ ಎನ್ನುವ ಮಾತೇ ಇರಲಿಲ್ಲ, ಎನ್ನಲೂ ಇಲ್ಲ. ಆ ಶನಿವಾರ ಗರಾಜಿನಲ್ಲಿ ಅವನಿಗೆ ಸುದ್ದಿ ಹೇಳಿದಳು. ಇವನು ಏನಾದರೂ ಹೇಳುತ್ತಾನೆ, ಈಗಲಾದರೂ ಹೇಳುತ್ತಾನೆ ಎಂದು ಕಾದಳು.

ಶ್ರೀಶೈಲ್ ಬಾಗಿಲಿಗೆ ಮರಳು ಕಾಗದ ಉಜ್ಜುತ್ತಿದ್ದ. ಕೈ ಒಂದು ಕ್ಷಣ ನಿಂತಿತು. "ಭಾಳ ಛಲೋ ಆತು ನೋಡು," ಎಂದ. ಮತ್ತೆ ಉಜ್ಜತೊಡಗಿದ.

ಇಷ್ಟೇನಾ? ಸುಚೇತಾಳಿಗೆ ಮೈ ಉರಿಯಿತು, ಅಳುವೂ ಬಂತು. ಕಾಲು ಹಿಡಿದು ಪ್ರೀತಿ ಕೇಳುವ ಜಾಯಮಾನ ಅವಳದಲ್ಲ. ಇವನಿಗೆ ಬೇಕಿದ್ದರೆ ಬಾಯಿ ಬಿಡಲಿ. ಇಲ್ಲವಾದರೆ ಕಾರು ಸ್ಟಾರ್ಟ್ ಮಾಡಿಕೊಟ್ಟು, ಕೈ ತೊಳೆದುಕೊಂಡು, ಗೆಳತಿಯಾಗಿಯೇ ಹೊರಟುಬಿಡುತ್ತೇನೆ ಎಂದು ಅಲ್ಲೇ ತೀರ್ಮಾನ ಮಾಡಿದಳು. ತೀರ್ಮಾನವೇನೋ ಗಟ್ಟಿಯಾಗಿತ್ತು. ಸರಿಯಾಗಿಯೇ ಇದ್ದ ಕಾರ್ಬ್ಯುರೇಟರನ್ನು ಮುಂದಿನ ವಾರ ಮತ್ತೊಮ್ಮೆ ಬಿಚ್ಚಿ ಜೋಡಿಸಿದ್ದು ಯಾಕೆ ಎಂದು ಮಾತ್ರ ಅವಳನ್ನು ಯಾರೂ ಕೇಳಲಿಲ್ಲ.

ದಸರಾ ಬಂತು. ಸುಚೇತಾಳ ಪೆಟ್ಟಿಗೆಗಳೆಲ್ಲ ಆಗಲೇ ಡಲ್ಲಾಸಿನ ಪಕ್ಕದ ಪ್ರಾಸ್ಪರ್‌ಗೆ, ಅಣ್ಣ ಶ್ರೀಕರ್‌ನ ಮನೆಗೆ ಹೋಗಿದ್ದವು. ಆಯುಧ ಪೂಜೆಯ ದಿನ ಬೆಳಿಗ್ಗೆ ಮಸ್ಟಾಂಗಿಗೆ ಮೊದಲ ಪೂಜೆ, ಬೀದಿಯಲ್ಲಿ ಒಂದು ಸುತ್ತು, ಊಟ ಮುಗಿಸಿ ಸುಚೇತಾ ಡಲ್ಲಾಸಿಗೆ. ಹೀಗೆ ಮಾತಾಗಿತ್ತು.

ಕಡುನೀಲಿ ಬಣ್ಣ ಹೊದ್ದ ಕಾರು ಡ್ರೈವ್‌ವೇಯಲ್ಲಿ ಮದುಮಗನ ಹಾಗೆ ನಿಂತಿತ್ತು. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಇಳಕಲ್ ಸೀರೆ ಉಟ್ಟ ಸುಮಿತ್ರವ್ವ ಗರಾಜಿನ ಪಾನಾ, ಸುತ್ತಿಗೆ, ಸ್ಕ್ರೂಡ್ರೈವರ್‌ಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿಟ್ಟು, ಅರಿಶಿನ ಕುಂಕುಮ ಏರಿಸಿ ಆಗಲೇ ಪೂಜೆ ಮುಗಿಸಿದ್ದರು. ಪಕ್ಕದ ಬೀದಿಯ ಸಂಗಮೇಶ್ ಅಂಕಲ್ ಬೂದುಗುಂಬಳಕಾಯಿ ಹಿಡಿದು, ಒಡೆಯಲು ಕೈ ತುರಿಸುತ್ತ ನಿಂತಿದ್ದರು. ಹೊಸ ರೇಷ್ಮೆ ಜುಬ್ಬಾ ತೊಟ್ಟ ಶ್ರೀಶೈಲ್ ಸ್ಟಿಯರಿಂಗ್ ಹಿಡಿದು ಕೂತ. ಸುಚೇತಾಳ ಕಡೆ ನೋಡಲಿಲ್ಲ.

ಕೀ ತಿರುಗಿಸಿದ. ಇಂಜಿನ್ ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಮತ್ತೆ ಗೊರಗೊರ.

"ದೃಷ್ಟಿ ಬಿತ್ತೇನ್ರಿ!" ಅಂದರು ಅಂಕಲ್.

"ದೃಷ್ಟೀನೂ ಇಲ್ಲ, ಮಣ್ಣೂ ಇಲ್ಲ. ಗುರುವಾರ ನಾನೇ ಸ್ಟಾರ್ಟ್ ಮಾಡಿದ್ದೆ," ಎಂದಳು ಸುಚೇತಾ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆಂಟಿ, ಆ ಸ್ಕ್ರೂಡ್ರೈವರ್ ಕೊಡಿ," ಎಂದು ಕೈ ಚಾಚಿದಳು.

ಸುಮಿತ್ರವ್ವ ಮಣೆಗೆ ಅಡ್ಡ ನಿಂತರು. "ಏ ಯವ್ವಾ, ಹುಚ್ಚಿ! ಇವತ್ತ ಖಂಡೇಪೂಜಿ. ಪೂಜಿ ಆದ ಆಯುಧ ಇವತ್ತ ಎತ್ತಂಗಿಲ್ಲ. ನಾಳೆ ಬನ್ನಿ ತಗೊಂಡ ಮ್ಯಾಲ ಎತ್ತೂದು. ನಿನ್ನ ಡಲ್ಲಾಸ್ ಎಲ್ಲಿ ಓಡಿ ಹೋಗತೈತಿ? ನಾಳೆ ಹೋಗೀಯಂತ."

ಸುಚೇತಾ ಬಾನೆಟ್ ಎತ್ತಿ ಬಗ್ಗಿದಳು. ಆಯುಧ ಬೇಡ, ಕೈ ಸಾಕಲ್ಲ. ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದಳು. ಒಳಗೆ ಖಾಲಿ. ರೋಟರ್ ಇಲ್ಲ.

ಅದನ್ನು ತೆಗೆಯುವುದು ಹೇಗೆಂದು ಈ ಬೀದಿಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ತಾನು. ತಲೆಯೆತ್ತಿ ನೋಡಿದಳು. ಕಾರಿನಿಂದಿಳಿದು ಪಕ್ಕದಲ್ಲಿ ನಿಂತಿದ್ದ ಶ್ರೀಶೈಲ್ ಆಕಾಶದಲ್ಲಿ ಏನೋ ಹುಡುಕುತ್ತಿದ್ದ. ಅವನ ಕೆನೆ ಬಣ್ಣದ ಜುಬ್ಬಾದ ಜೇಬಿನ ಅಂಚಿಗೆ ಹೆಬ್ಬೆರಳಿನ ಕಪ್ಪು ಗುರುತು ಅಚ್ಚೊತ್ತಿದಂತೆ ಕೂತಿತ್ತು.

ಅಯ್ಯೋ ಕಳ್ಳಾ!

ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ, ಎಷ್ಟೆಂದರೆ ಬಾನೆಟ್ಟಿನ ಮರೆಯಲ್ಲಿ ತುಟಿ ಕಚ್ಚಿಕೊಂಡು ನಿಲ್ಲಬೇಕಾಯಿತು. ಅಲ್ಲೇ ಕೈ ಹಿಡಿದು ಕೇಳಬಹುದಿತ್ತು. ಕೇಳಲಿಲ್ಲ. ಕದ್ದವನೇ ಬಾಯಿ ಬಿಡಲಿ, ಅಲ್ಲಿವರೆಗೆ ಒದ್ದಾಡಲಿ ಎಂದುಕೊಂಡು ಮುಚ್ಚಳವನ್ನು ಮೆಲ್ಲಗೆ ಕೂರಿಸಿದಳು.

"ಆಂಟಿ ಹೇಳಿದ್ದೇ ಸರಿ. ನಾಳೆ ನೋಡೋಣ," ಎಂದಳು.

ಅಂಕಲ್ ಕುಂಬಳಕಾಯಿಯನ್ನು ನಾಳೆಗೆಂದು ಬೇಸರದಿಂದಲೇ ಒಳಗಿಟ್ಟರು. ಊಟಕ್ಕೆ ಕೂತಾಗ ಸುಚೇತಾ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ, "ಒಂದು ಪಾರ್ಟ್ ಕಾಣ್ತಿಲ್ಲಪ್ಪ. ಇಲಿ ಎತ್ಕೊಂಡು ಹೋಗಿರ್ಬೇಕು," ಎಂದಳು.

"ಇ... ಇಲಿ ಇರಬಹುದು," ಎಂದ ಶ್ರೀಶೈಲ್.

"ದೊಡ್ಡ ಇಲೀನೇ. ಜುಬ್ಬಾ ಹಾಕೋ ಸೈಜಿಂದು."

ಅವನಿಗೆ ಹೋಳಿಗೆ ನೆತ್ತಿಗೇರಿತು. ಸುಮಿತ್ರವ್ವ ಮಗನ ತಲೆ ತಟ್ಟಿ ನೀರು ಕೊಟ್ಟರು. ಆ ರಾತ್ರಿ ಅವರ ಮನೆಯ ಗೆಸ್ಟ್ ರೂಮಿನಲ್ಲಿ ಸುಚೇತಾ ಹಾಯಾಗಿ ನಿದ್ದೆ ಹೋದಳು. ನಿದ್ದೆ ಬಾರದ್ದು ಯಾರಿಗೆಂದು ಬೇರೆ ಹೇಳಬೇಕಿಲ್ಲ.

ವಿಜಯದಶಮಿ. ಟೆಕ್ಸಾಸಿನ ಮೆಸ್ಕೀಟ್ ಮರ ನಮ್ಮ ಬನ್ನಿಗೆ ಹತ್ತಿರದ ಸಂಬಂಧಿ. ಎಲೆ ನೋಡಿದರೆ ಅಕ್ಕತಂಗಿಯರೇ ಸರಿ. ಹೂಸ್ಟನ್ನಿನಲ್ಲಿರುವ ಉತ್ತರ ಕರ್ನಾಟಕದವರು ಅದನ್ನೇ ಬನ್ನಿ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಸುಮಿತ್ರವ್ವ, ಅಂಕಲ್, ಅಕ್ಕಪಕ್ಕದವರು ಎಲ್ಲ ಒಬ್ಬರಿಗೊಬ್ಬರು ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎನ್ನುತ್ತ ಕೈ ಮುಗಿಯುತ್ತಿದ್ದರು.

ಸುಚೇತಾ ಹೊರಗೆ ಡ್ರೈವ್‌ವೇಯಲ್ಲಿ ಕಾರಿಗೆ ಒರಗಿ ನಿಂತಿದ್ದಳು. ಶ್ರೀಶೈಲ್ ಬಂದ. ಕಣ್ಣು ಕೆಂಪಾಗಿದ್ದವು. ಅವಳ ಬಲಗೈ ಹಿಡಿದು, ಅಂಗೈ ತುಂಬ ಎಲೆ ಇಟ್ಟ. ಎಲೆ ಹಗುರ, ಕೈ ಭಾರ. ಸರಿಸಿ ನೋಡಿದರೆ ಎಲೆಯ ಕೆಳಗೆ ರೋಟರ್.

"ಬನ್ನಿ ತಗೊಂಡು ಬಂಗಾರದಂಗ ಇರೋಣು," ಎಂದ.

"ಈ ಮಾತನ್ನ ಬೆಳಗಿಂದ ಎಲ್ಲರಿಗೂ ಹೇಳ್ತಾನೇ ಇದೀಯ."

"ಉಳಿದವರಿಗೆ ಹಬ್ಬಕ್ಕ ಹೇಳಿದ್ದು. ನಿನಗ ಜೀವನಪೂರ್ತಿ ಹೇಳಾಕತ್ತೀನಿ." ಅವನು ಉಸಿರೆಳೆದುಕೊಂಡ. "ನೀ ಅಂದ್ರ ನನಗ ಭಾಳ ಇಷ್ಟ, ಸುಚೇತಾ. ಡಲ್ಲಾಸ್ ಅಂದಾಗ ಹೇಳಿದ್ರ, ನನ್ನ ಸಲುವಾಗಿ ಆ ಕೆಲಸ ಬಿಡ್ತೀ ಅಂತ ಹೆದರಿಕಿ ಆತು. ಹೇಳದ ಇದ್ರ ನೀ ಹೋಗಿಬಿಡ್ತೀ ಅಂತ ಹೆದರಿಕಿ. ಒಂದ ದಿನ ಸಿಕ್ರ ಧೈರ್ಯ ಬರ್ತೈತಿ ಅಂತ ಕಳುವು ಮಾಡಿದೆ."

"ನಿನಗೋಸ್ಕರ ಆ ಕೆಲಸ ಬಿಡ್ತಿದ್ದೆ ಅಂತ ಯಾರು ಹೇಳಿದ್ದು?" ಹುಬ್ಬೇರಿಸಿದಳು ಸುಚೇತಾ. "ಖಂಡಿತ ಬಿಡ್ತಿರಲಿಲ್ಲ. ನಿನ್ನನ್ನೇ ಎಳ್ಕೊಂಡು ಹೋಗ್ತಿದ್ದೆ."

ಅಂಗೈಯ ರೋಟರನ್ನು ಅವನ ಮೂಗಿನ ಮುಂದೆ ಹಿಡಿದಳು.

"ರೋಟರ್ ಎಲ್ಲಿದೆ ಅಂತ ನಿನ್ನೆಯೇ ಗೊತ್ತಿತ್ತು. ಜೇಬು ನೋಡ್ಕೋ, ಕಳ್ಳತನಾನೂ ನೆಟ್ಟಗೆ ಬರಲ್ಲ ನಿನಗೆ. ಮತ್ತೆ ಆ ಕಾರ್ಬ್ಯುರೇಟರ್ ಎರಡನೇ ಸಲ ಯಾಕೆ ಬಿಚ್ಚಿದೆ ಅಂದ್ಕೊಂಡಿದ್ದೆ? ಅದು ಚೆನ್ನಾಗೇ ಇತ್ತು ಕಣೋ. ನನಗೂ ಇನ್ನೊಂದು ಶನಿವಾರ ಬೇಕಿತ್ತು. ನಿನ್ನ ಬಿಟ್ಟು ಹೋಗೋಕೆ ನನಗೆ ಇಷ್ಟ ಇರಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂದವು. ಅವನು ಹೆಬ್ಬೆರಳಿನಿಂದ ಒರೆಸಿದ. ಕೆನ್ನೆಗೆ ಗ್ರೀಸ್ ಮೆತ್ತಿತು.

"ಕ್ಲಿನಿಕ್ ಏನ್ಮಾಡ್ತೀಯ?" ಮೆಲ್ಲಗೆ ಕೇಳಿದಳು.

"ಪ್ರಾಸ್ಪರ್ ಮಂದಿ ಏನು ಬೊಚ್ಚು ಬಾಯಾವ್ರೇನು? ಹಲ್ಲು ಎಲ್ಲಾ ಊರಾಗೂ ಇರ್ತಾವ. ಇಲ್ಲಿ ಕ್ಲಿನಿಕ್ ಮಾರಿ, ಅಲ್ಲೊಂದು ನೋಡಾಕ ಒಂದು ವರ್ಷ ಬೇಕು. ಅಲ್ಲಿತನಕ ಶನಿವಾರ ಶನಿವಾರ ಇದ ಗಾಡಿ ಹೊಡಕೊಂಡು ಬರ್ತೀನಿ."

"ಆಂಟಿ?"

ಗರಾಜಿನ ಬಾಗಿಲ ಹಿಂದಿನಿಂದ ಸುಮಿತ್ರವ್ವನ ದನಿ ಬಂತು. "ಆಂಟಿ ಅಲ್ಲ, ಅತ್ತಿ ಅನ್ನು! ನಾ ಎಲ್ಲಿದ್ರೂ ರೊಟ್ಟಿ ಬಡೀತೀನಿ. ಪಾನಾ ಯಾರೂ ಎತ್ತಬಾರದಂತ ನಿನ್ನೆ ಅಷ್ಟು ಲಗೂ ಪೂಜಿ ಮಾಡಿದ್ದು ಇಬ್ಬರಿಗೂ ಹೊಳೀಲಿಲ್ಲ. ಕಲ್ತ ಮಂದಿ ಅಂತ, ಕಲ್ತ ಮಂದಿ!"

ಸುಚೇತಾ ನಗುತ್ತ ರೋಟರನ್ನು ಜಾಗದಲ್ಲಿ ಕೂರಿಸಿ, ಕ್ಲಿಪ್ಪು ಹಾಕಿ, ಬಾನೆಟ್ ಇಳಿಸಿದಳು. ಮೆಸ್ಕೀಟ್ ಎಲೆಗಳನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಪಕ್ಕದ ಸೀಟಿನಲ್ಲಿ ಕೂತಳು. ಈ ಸಲ ಕೀ ತಿರುಗಿಸಿದ್ದೇ ತಡ, ಇಂಜಿನ್ ಗುಡುಗಿತು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಅಂಕಲ್ ಕೊನೆಗೂ ಕುಂಬಳಕಾಯಿ ಒಡೆದರು. ಚಕ್ರ ಉರುಳಿ ನಾಲ್ಕು ನಿಂಬೆಹಣ್ಣೂ ಪಚಕ್ಕೆಂದು ಅಪ್ಪಚ್ಚಿಯಾದವು.

ಬೀದಿಯ ತಿರುವಿನಲ್ಲಿ ಶ್ರೀಶೈಲ್ ಅವಳ ಕಡೆಗೇ ನೋಡುತ್ತಿದ್ದ. ಕೆನ್ನೆಯ ಮೇಲಿನ ಗ್ರೀಸ್ ಹಾಗೇ ಇತ್ತು.

"ರಸ್ತೆ ನೋಡೋ," ಎಂದಳು ಸುಚೇತಾ.

"ಈಗ ಕೈಯಾಗ ಟಾರ್ಚ್ ಇಲ್ಲಲ್ಲ."

"ಸ್ಟಿಯರಿಂಗ್ ಇದೆ. ಮುಖ ಆಮೇಲೆ ನೋಡುವಿಯಂತೆ," ಎಂದು, ಗೇರ್ ಮೇಲಿದ್ದ ಅವನ ಕೈಮೇಲೆ ಕೈಯಿಟ್ಟಳು. "ನಾನೇನು ಎಲ್ಲೂ ಓಡಿ ಹೋಗಲ್ಲ."