ನೀಲಿ ಟಿಕ್ಕಿನ ಪಂಡಿತೆ

ಆ ಮೆಸೇಜನ್ನು ನಾನು ಕಳಿಸಬಾರದಿತ್ತು. ಹಿಂದಿನ ಸಂಜೆ ಸ್ಟುಡಿಯೋದಿಂದ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ, ‘ನಾಳೆ ರೆಕಾರ್ಡಿಂಗ್ ಮುಗಿದ ಮೇಲೆ ಎಲ್ಲಾದರೂ ಕೂತು ಕಾಫಿ ಕುಡಿಯೋಣವೇ?’ ಎಂದು ಟೈಪ್ ಮಾಡಿ, ಇದ್ದ ಧೈರ್ಯ ಕರಗುವ ಮುನ್ನ ಒತ್ತಿಬಿಟ್ಟೆ. ಟಿಕ್ ಎರಡಾಯಿತು. ನೀಲಿಯಾಯಿತು. ‘ಟೈಪಿಂಗ್’ ಎಂದು ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಆಮೇಲೆ ಏನೂ ಇಲ್ಲ.

ಬೇರೆಯವರಿಗೆ ಹೀಗಾದರೆ ಅವರು ಬರುವುದು ನನ್ನ ಹತ್ತಿರ. ನನ್ನ ಕಸುಬೇ ಅದು. ಹಿಂದೊಮ್ಮೆ ನಾನು ಕೆಲಸಕ್ಕಿದ್ದ ವಾರಪತ್ರಿಕೆಗೆ ಓದುಗಿಯೊಬ್ಬಳು ಪತ್ರ ಬರೆದು, ಅವನು ನನ್ನ ಮೆಸೇಜ್ ನೋಡಿಯೂ ಉತ್ತರ ಕೊಟ್ಟಿಲ್ಲ, ಇದರ ಅರ್ಥವೇನು ಎಂದು ಕೇಳಿದ್ದಳು. ಖಾಲಿ ಜಾಗ ತುಂಬಲೆಂದು ನಾನು ಅರ್ಧ ಪುಟದ ಉತ್ತರ ಬರೆದುಕೊಟ್ಟೆ. ಅರ್ಧ ಪುಟ ಅಂಕಣವಾಯಿತು, ಅಂಕಣ ಭಾಷಣವಾಯಿತು, ಈಗ ಪುಸ್ತಕವೂ ಆಗಿದೆ. ಫೋನಿನೊಳಗಿನ ಮನುಷ್ಯರ ಬಗ್ಗೆ ಬರೆಯುವವಳು ಎಂದು ಹೆಸರು ಬಂದಿದೆ. ಬಸ್ಸಿನಲ್ಲಿ ಪಕ್ಕ ಕೂತವರು ಫೋನನ್ನು ನನ್ನ ಮೂಗಿಗೆ ಹಿಡಿದು, ಇದು ಕೋಪವೋ ತಮಾಷೆಯೋ ನೋಡಿ ಹೇಳಿ ಎನ್ನುತ್ತಾರೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯಿ ತೆರೆಸಿಟ್ಟು, ತಮ್ಮ ಹೆಂಡತಿಯ ಮೆಸೇಜ್ ತೋರಿಸಿದ್ದರು. ಅಕ್ಕ ನನಗಿಟ್ಟ ಹೆಸರು ನೀಲಿ ಟಿಕ್ಕಿನ ಪಂಡಿತೆ.

ಬೆಳಿಗ್ಗೆ ಪಂಡಿತೆ ಅಕ್ಕನಿಗೇ ಫೋನ್ ಮಾಡಿದಳು. ಓದುಗಿಯೊಬ್ಬಳ ಸಮಸ್ಯೆ ಎಂದು ಶುರುಮಾಡಿದೆ. ಅಕ್ಕ ಅರ್ಧಕ್ಕೇ ತಡೆದು, ಯಾರವನು ಎಂದಳು. ನನ್ನ ಆಡಿಯೋ ಪುಸ್ತಕ ರೆಕಾರ್ಡ್ ಮಾಡುತ್ತಿರುವ ಸೌಂಡ್ ಎಂಜಿನಿಯರ್ ಎಂದು ಒಪ್ಪಿಕೊಳ್ಳಬೇಕಾಯಿತು.

“ಇವತ್ತು ಹೇಗೂ ಮುಖ ನೋಡ್ತೀಯಲ್ಲೇ, ಬಾಯಿಬಿಟ್ಟು ಕೇಳು. ಬರೆಯೋಕೆ ಬರತ್ತೆ ನಿನಗೆ, ಮಾತಾಡೋಕೆ ಬರಲ್ಲ.” ಇಷ್ಟು ಹೇಳಿ ಫೋನಿಟ್ಟಳು.

ಬಾಯಿಬಿಟ್ಟು ಕೇಳುವುದು ಅಷ್ಟು ಸುಲಭವಿದ್ದಿದ್ದರೆ ನನ್ನ ಪುಸ್ತಕವನ್ನು ಯಾರು ಕೊಳ್ಳುತ್ತಿದ್ದರು?

ಅವನು ಹೆಚ್ಚು ಮಾತಿನವನಲ್ಲ. ನಾನು ಸ್ಪಂಜು ಹೊದಿಸಿದ ಗೂಡಿನಂಥ ಕೋಣೆಯಲ್ಲಿ ಮೈಕಿನೆದುರು ಓದುತ್ತೇನೆ, ಅವನು ಗಾಜಿನಾಚೆ ಕೂತು ಕೇಳುತ್ತಾನೆ. ಅವನು ಏನಾದರೂ ಹೇಳಿದರೆ ಅದು ಹೆಡ್‌ಫೋನಿನಲ್ಲಿ, ಕಿವಿಯ ಬುಡದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ಓದಿದ್ದು ಹಿಡಿಸಿದರೆ ಚೆನ್ನಾಗಿದೆ ಎನ್ನುವುದಿಲ್ಲ, ಕಣ್ಣು ಮುಚ್ಚಿ ಗದ್ದವನ್ನು ಸ್ವಲ್ಪ ಎತ್ತುತ್ತಾನೆ. ಮೊದಲ ದಿನ ಗಂಭೀರವಾದ ಪ್ಯಾರಾ ಓದುವಾಗ ನನ್ನ ಹೊಟ್ಟೆ ಗುರ್ರೆಂದಿತು. ಅವನು ನಗಲಿಲ್ಲ. “ಮೇಡಂ, ಒಂದು ವಾಕ್ಯ ನಿಮ್ಮ ಹೊಟ್ಟೆ ಓದ್ತು, ಅದನ್ನ ತೆಗೀಲಾ ಇಡ್ಲಾ?” ಎಂದು ಕೇಳಿ, ಬಿಸ್ಕತ್ತಿನ ಪ್ಯಾಕೆಟ್ಟು ಹಿಡಿದು ಒಳಗೆ ಬಂದ. ಆ ಎತ್ತಿದ ಗದ್ದವನ್ನು ನೋಡಲೆಂದೇ ನಾನು ಮನೆಯಲ್ಲಿ ಓದಿ ಅಭ್ಯಾಸ ಮಾಡತೊಡಗಿದ್ದು ಆಮೇಲೆ.

ಅವತ್ತು ರೆಕಾರ್ಡಿಂಗಿನ ಕೊನೆಯ ದಿನ. ಮರುದಿನದಿಂದ ನಾವು ಭೇಟಿಯಾಗಲು ಯಾವ ನೆಪವೂ ಇರಲಿಲ್ಲ. ಉಳಿದಿದ್ದು ಒಂದೇ ಅಧ್ಯಾಯ. ಅದನ್ನು ಓದಬೇಕಿದ್ದ ದಿನ ಪಕ್ಕದ ಕಟ್ಟಡದಲ್ಲಿ ಗೋಡೆ ಕೊರೆಯುತ್ತಿದ್ದರೆಂದು ಮುಂದಕ್ಕೆ ಹಾಕಿದ್ದೆವು. ನಾಲ್ಕನೆಯ ಅಧ್ಯಾಯ, ‘ನೋಡಿಯೂ ಉತ್ತರಿಸದವರು’. ಉತ್ತರಿಸದವನ ಎದುರಿಗೇ ಕೂತು ನಾನದನ್ನು ಗಟ್ಟಿಯಾಗಿ ಓದಬೇಕಿತ್ತು.

ಸ್ಟುಡಿಯೋಗೆ ಹೋದಾಗ ಬನ್ನಿ ಮೇಡಂ ಎಂದನಷ್ಟೆ. ಮೈಕು ಸರಿಮಾಡುವಾಗಲೂ ನನ್ನ ಮುಖ ನೋಡಲಿಲ್ಲ. ಎದೆಯ ಡವಡವ ಮೈಕಿಗೂ ಕೇಳಿಬಿಟ್ಟರೆ ಎಂಬ ಭಯ ನನಗೆ. ಹೇಗೋ ಸಂಭಾಳಿಸಿಕೊಂಡು ಓದುತ್ತ ಹೋದೆ. ಭಾಷಣಗಳಲ್ಲಿ ಜನ ಚಪ್ಪಾಳೆ ತಟ್ಟುವ ಸಾಲು ಬಂತು: ‘ನೋಡಿಯೂ ಅವರು ಉತ್ತರ ಕೊಡದಿದ್ದರೆ ಕಾಯಬೇಡಿ. ಅದೇ ಉತ್ತರ.’

“ಇನ್ನೊಂದ್ಸಲ, ಮೇಡಂ. ‘ಕಾಯಬೇಡಿ’ ಅನ್ನೋವಾಗ ಧ್ವನಿ ನಡುಗ್ತು.”

ಓದಿದೆ. ಇನ್ನೊಂದ್ಸಲ ಎಂದ. ನೀರು ಕುಡಿದು ಓದಿದೆ. ಮತ್ತೂ ಇನ್ನೊಂದ್ಸಲ ಎಂದ. ಗಾಜಿನಾಚೆ ತಲೆ ತಗ್ಗಿಸಿ ಕೂತಿದ್ದ ಅವನನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಕಾಫಿಗೆ ಬರುವುದಿಲ್ಲ ಎಂದು ಹೇಳಲಾಗದೆ, ಅದನ್ನು ನನ್ನ ಬಾಯಿಂದಲೇ ಹೇಳಿಸುತ್ತಿದ್ದಾನೆ ಎನ್ನಿಸಿತು. ಅವಮಾನ ಸಿಟ್ಟಾಯಿತು. ಹಲ್ಲು ಕಚ್ಚಿ, ಹೆಡ್‌ಮಿಸ್ ಬೈದ ಹಾಗೆ ಖಡಕ್ಕಾಗಿ ಓದಿದೆ.

ಈ ಸಲವೂ ಅವನು ಗದ್ದ ಎತ್ತಲಿಲ್ಲ. ಇದು ಇರಲಿ ಎಂದ, ಅಷ್ಟೇ.

ಅಧ್ಯಾಯ ಮುಗಿಯಿತು. ನಾನು ಚೀಲ ಎತ್ತಿಕೊಂಡರೆ, ಇನ್ನೊಂದು ಕೆಲಸವಿದೆ ಎಂದ. ಯಾರೂ ಮಾತಾಡದಿರುವಾಗ ಕೋಣೆಗೆ ಅದರದೇ ಒಂದು ಮೌನ ಇರುತ್ತದಂತೆ. ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ ಓದಿನ ನಡುವಿನ ಸಂದುಗಳಿಗೆ ತೇಪೆ ಹಾಕಬಹುದು. ನಾನು ಉಸಿರು ಸಣ್ಣಗೆ ಮಾಡಿ ಕೂತರೆ ಸಾಕು. ರೆಕಾರ್ಡಿಂಗ್ ಶುರುಮಾಡಿದವನು, ಮೈಕು ವಾಲಿದೆ ಎಂದು ಒಳಗೆ ಬಂದ. ಮೈಕು ವಾಲಿರಲಿಲ್ಲ. ಮತ್ತೆ ಬಾಗಿಲು ತೆರೆದರೆ ಸದ್ದಾಗುತ್ತದೆಂದೋ ಏನೋ, ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕೂತುಬಿಟ್ಟ.

ನಾನು ನನ್ನ ಮಂಡಿ ನೋಡಿಕೊಂಡೆ. ಅವನು ತನ್ನ ಉಗುರು ನೋಡಿಕೊಂಡ.

“ನಿನ್ನೆ ‘ಹೂಂ’ ಅಂತ ಟೈಪ್ ಮಾಡಿದ್ದೆ,” ಎಂದ.

ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಮೈಕಿನ ಕಡೆ ಕೈ ತೋರಿಸಿದೆ. ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

“ನಾಲ್ಕನೇ ಅಧ್ಯಾಯ ಮೊದಲೇ ಓದ್ಕೊಂಡಿದ್ನಲ್ಲ, ಮೇಡಂ. ಒಂದೇ ಪದದ ಉತ್ತರ ಅಂದ್ರೆ ಮನಸ್ಸಿಲ್ಲ ಅಂತ ಬರ್ದಿದೀರಿ. ಅಳಿಸಿದೆ. ಉದ್ದಕ್ಕೆ ಬರೆದೆ. ಉದ್ದ ಬರೆಯೋರು ಮೇಲೆ ಬೀಳೋ ಜನ ಅಂದಿದೀರಿ. ಅದನ್ನೂ ಅಳಿಸಿದೆ. ನಗೋ ಮುಖ ಹಾಕೋರು ಹೇಡಿಗಳು. ತಡ ಮಾಡಿ ಕಳಿಸೋರು ಲೆಕ್ಕಾಚಾರದೋರು. ನನಗೆ ಏನು ಉಳಿಸಿದ್ರಿ ನೀವು?”

ನಗು ಬಂತು, ನಾಚಿಕೆಯೂ ಆಯಿತು. ಊರಿಗೆಲ್ಲ ಬುದ್ಧಿ ಹೇಳಿ, ನನಗೆ ಬೇಕಾದ ಒಬ್ಬನ ಬಾಯಿ ಕಟ್ಟಿಹಾಕಿದ್ದೆ. ಹಾಗಿದ್ದರೆ ಆ ಸಾಲನ್ನು ಅಷ್ಟು ಸಲ ಓದಿಸಿದ್ದೇಕೆ ಎಂದು ಕೇಳಿದೆ.

“ಮೊದಲ್ನೇ ಸಲ ಕೆಲಸಕ್ಕೆ ಕೇಳಿದ್ದು. ಆಮೇಲಿನದೆಲ್ಲ ನನಗೋಸ್ಕರ. ಧ್ವನಿ ನಡುಗಿದಾಗೆಲ್ಲ, ಇವರು ಇದನ್ನ ನಂಬಿಲ್ಲ, ಇನ್ನೂ ಕಾಯ್ತಿದಾರೆ ಅಂತ ಸಮಾಧಾನ ಆಗ್ತಿತ್ತು. ಕೊನೇ ಸಲ ನಡುಗಲಿಲ್ಲ. ಅದಕ್ಕೇ ಹೆದರಿಕೊಂಡು ಒಳಗೆ ಬಂದೆ.”

“ಅದು ಸಿಟ್ಟಿಗೆ ಓದಿದ್ದು,” ಎಂದೆ. ಧ್ವನಿ ಮತ್ತೆ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟೆ. “ನನಗೆ ನೀವಂದ್ರೆ ತುಂಬ ಇಷ್ಟ. ಇದನ್ನ ಎಲ್ಲೂ ಬರೆದಿಲ್ಲ ನಾನು. ಹೇಗೆ ಬರೀಬೇಕು ಅಂತಾನೂ ಗೊತ್ತಿಲ್ಲ.”

ಅವನು ಕಣ್ಣು ಮುಚ್ಚಿ ಗದ್ದವನ್ನು ಸ್ವಲ್ಪ ಎತ್ತಿದ. ಕೋಣೆಯ ಮೌನ ಎಂದು ಅವನು ಹೇಳಿದ್ದು ಏನೆಂದು ಆಗ ನನ್ನ ಕಿವಿಗೆ ಬಿತ್ತು.

“ಕಾಫಿಗೆ ಬರ್ತೀರಾ?” ಎಂದು ಬಾಯಿಬಿಟ್ಟು ಕೇಳಿದೆ.

“ಹೂಂ,” ಎಂದ.

ಮೆಲ್ಲಗೆ ಶುರುವಾಗಿ, ನಡುವೆ ಒಂದಿಷ್ಟು ನಿಂತು, ನಗುವಿನಲ್ಲಿ ಮುಗಿದ ಹೂಂ. ನನ್ನ ಪುಸ್ತಕದ ಪ್ರಕಾರ ಅದರ ಅರ್ಥ ಮನಸ್ಸಿಲ್ಲ ಎಂದು. ಪುಸ್ತಕ ಅಚ್ಚಾಗಿಹೋಗಿದೆ, ಇನ್ನು ತಿದ್ದಲು ಬರುವುದಿಲ್ಲ. ತಪ್ಪಿದ್ದರೆ ಇರಲಿ.